ಸೈಕಲ್ಲಿನ ಹಿಂದೆ

ನವೆಂಬರ್ 24, ಗಡಹಿಂಗ್ಲಜ

ನನಗೊಂದು ಕೆಲಸ ಸಿಕ್ಕಿದೆ. ಬೆಳಗಿನ ಜಾವ ತಂಗಿ ದೀಪಾಲಿ ರೇಸ್ ಸೈಕಲ್ ತುಳಿಯುತ್ತ ಮುಂದೆ ಹೋಗುತ್ತಾಳೆ, ನಾನು ಅವ್ವನ ಸ್ಕೂಟಿ ಮೇಲೆ ಹಿಂದೆ ಹೋಗಬೇಕು. ಅಷ್ಟೇ. ಬೆಳಗಾವಿಯಲ್ಲಿ ಕನ್ನಡ ಎಂ.ಎ. ಮುಗಿಸಿ ಬಂದ ಮೇಲೆ ಮನೆಯವರು ಒಪ್ಪಿಸಿದ ಮೊದಲ ಜವಾಬ್ದಾರಿ.

ನಿನ್ನೆ ಊಟಕ್ಕೆ ಕೂತಾಗ ಅಪ್ಪ ತೀರ್ಪು ಕೊಟ್ಟರು. “ಹುಡಿಗಿ ಒಬ್ಬಾಕಿನ ಕತ್ತಲದಾಗ ಹೋಗೂದ ಬ್ಯಾಡ. ಕೇದಾರ ಹಿಂದ ಹೋಗ್ಲಿ. ಮಾತಾಡೂ ಕೆಲಸ ಅಂತೂ ಅಂವನ ಕೈಲೆ ಆಗಂಗಿಲ್ಲ. ಇದರಾಗ ಮಾತ ಇಲ್ಲ.”

ಹೋದ ತಿಂಗಳು ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಸಂದರ್ಶನಕ್ಕೆ ಹೋಗಿದ್ದೆ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅಪ್ಪ ಅಂದದ್ದು ಅದಕ್ಕೆ. ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ದೀಪಾಗೆ ಹದಿನೆಂಟು. ಜನವರಿಯ ಕೊನೆಯ ರವಿವಾರ ಕೊಲ್ಹಾಪುರದಲ್ಲಿ ಮಹಾರಾಷ್ಟ್ರ ರಾಜ್ಯ ತಂಡದ ಆಯ್ಕೆಯ ರೇಸ್ ಇದೆ. ಮೊದಲ ನಾಲ್ಕು ಹುಡುಗಿಯರಿಗೆ ಮಾತ್ರ ಜಾಗ. ಬರುವ ವರ್ಷ ಅವಳು ಜೂನಿಯರ್ ಗುಂಪಿನಲ್ಲಿರುವುದಿಲ್ಲ, ದೊಡ್ಡವರ ಜೊತೆ ಓಡಬೇಕು. ಅವರ ಹತ್ತಿರ ಇವಳ ಆಟ ನಡೆಯದು ಎಂದು ಅವಳೇ ಹೇಳುತ್ತಾಳೆ. ಇದೊಂದೇ ಸಲ ಎನ್ನುವುದು ಅವಳ ಮುಖದ ಮೇಲೆಯೇ ಇದೆ.

ಹಿರಣ್ಯಕೇಶಿಯ ಸೇತುವೆ ದಾಟುವಾಗ ಹೊಳೆಯಿಂದ ಏಳುವ ಥಂಡಿ ಕಿವಿಯೊಳಗೆ ಹೋಗುತ್ತದೆ. ದೀಪಾ ತುಳಿಯುತ್ತಾಳೆ, ಅವಳ ಬೆನ್ನಿನಿಂದ ಹಬೆ ಏಳುತ್ತದೆ. ನಾನು ಆಕ್ಸಿಲರೇಟರ್ ಹಿಡಿದು ಸುಮ್ಮನೆ ಕೂತಿರುತ್ತೇನೆ. ಸಂಕೇಶ್ವರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅವಳು ಜಾಕೆಟ್ಟಿನ ಜಿಪ್ ಬಿಚ್ಚಿದ್ದಳು, ನನಗೆ ಸ್ಕೂಟಿಯ ಸ್ಟ್ಯಾಂಡ್ ಹಾಕಲು ಕಾಲು ಬರಲಿಲ್ಲ.

ನವೆಂಬರ್ 29

ಎದೆಗೆ ಪೇಪರ್ ಇಟ್ಟುಕೊಂಡರೆ ಗಾಳಿ ಬಡಿಯುವುದಿಲ್ಲ ಎಂದು ದೀಪಾ ಕಲಿಸಿದಳು. ಸೈಕಲ್ ರೇಸಿನವರೆಲ್ಲ ಹಾಗೇ ಮಾಡುತ್ತಾರಂತೆ. ನಮ್ಮ ಮನೆಗೆ ಒಂದು ಮರಾಠಿ ಪೇಪರ್, ಒಂದು ಕನ್ನಡ ಪೇಪರ್ ಬರುತ್ತದೆ. ನಾನು ಕನ್ನಡದ್ದನ್ನು ಮಡಚಿ ಸ್ವೆಟರಿನೊಳಗೆ ತುರುಕಿಕೊಂಡೆ.

“ಅಣ್ಣಾ, ಅದರಾಗ ಪುಟ ಕಡಿಮಿ ಅದಾವ,” ಅಂದಳು. “ಮರಾಠಿದ ಇಟ್ಕೋ. ಭಾಷಾಪ್ರೇಮ ಮನಿಗೆ ಬಂದ ಮ್ಯಾಲ ಮಾಡು.”

ಅವ್ವ ತನ್ನದೊಂದು ಔಷಧಿ ತಂದಳು. ಅಪ್ಪನ ಅಡತಿ ಅಂಗಡಿಯ ಸಂಕೇಶ್ವರಿ ಮೆಣಸಿನಕಾಯಿಯ ಬೀಜ ಹಾಕಿ ಕಾಸಿದ ಎಣ್ಣೆ. ದೀಪಾ ಮೊಣಕಾಲಿಗೆ ತಿಕ್ಕಿಕೊಂಡು ಹೋದಳು. ರಸ್ತೆಯಲ್ಲಿ ಭಾಳ ಚಲೋ ಇತ್ತಂತೆ, ಥಂಡಿಯೇ ಗೊತ್ತಾಗಲಿಲ್ಲವಂತೆ. ಮನೆಗೆ ಬಂದು ಬಿಸಿ ನೀರು ಹಾಕಿಕೊಂಡಳು. ಬಚ್ಚಲಿನಿಂದ ಬಂದ ಚೀರಾಟಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು.

“ಬಿಸಿನೀರ ಹಾಕ್ಕೋಬಾರ್ದಂತ ಹೇಳಲಿಲ್ಲ ನೀ!” ಎಂದು ಅವ್ವನ ಮೇಲೆ ಹರಿಹಾಯ್ದಳು.

“ನಾ ಏನ ಸೈಕಲ್ ಹೊಡೀತೇನೇನ, ನನಗ ಹೆಂಗ ಗೊತ್ತಾಗ್ಬೇಕ,” ಅಂದಳು ಅವ್ವ.

ಡಿಸೆಂಬರ್ 7, ಕೊಲ್ಹಾಪುರ

ರವಿವಾರಗಳಲ್ಲಿ ಇಲ್ಲಿ ಕೋಚ್ ಕೃಷ್ಣಾತ ಸರ್ ಕಲಿಸುತ್ತಾರೆ. ಅಪ್ಪನ ಅಂಗಡಿಯ ಮೆಣಸಿನಕಾಯಿ ಗಾಡಿಯಲ್ಲಿ ಸೈಕಲ್ ಹೇರಿಕೊಂಡು ಬಂದೆವು. ಶಿರೋಳಿಯ ಕಾರ್ಖಾನೆಗಳ ಹಿಂದಿನ ರಸ್ತೆ ರವಿವಾರ ಖಾಲಿ. ಎರಕದ ಕಾರ್ಖಾನೆಯೊಂದರ ಗೋಡೆ ಒಳಗಿನ ಕುಲುಮೆಯಿಂದ ಬೆಚ್ಚಗಿತ್ತು. ಸರದಿಗೆ ಕಾಯುವ ಹುಡುಗಿಯರು ಸಾಲಾಗಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ನಾನೂ ಸ್ವಲ್ಪ ದೂರದಲ್ಲಿ ನಿಂತೆ.

ಸರ್ ಮೊದಲು ಪೈಲವಾನರಾಗಿದ್ದವರು. ಕಿವಿ ಮುದುಡಿಹೋಗಿವೆ. ಮೋಟರ್‌ಸೈಕಲ್ ಮೇಲೆ ಹುಡುಗಿಯರ ಪಕ್ಕದಲ್ಲೇ ಹೋಗುತ್ತ “ಬಳ! ಬಳ ಲಾವ ಪೋರಿ! ಬಳ!” ಎಂದು ಕೂಗುತ್ತಾರೆ. ತಾಲೀಮಿನಲ್ಲಿ ಕುಸ್ತಿ ಹಿಡಿದವರಿಗೆ ಹುರುಪು ಕೊಡುವ ಮರಾಠಿ ಮಾತದು, ಶಕ್ತಿ ಹಾಕು ಎಂದು. ಅದು ಕಿವಿಗೆ ಬಿದ್ದ ಕೂಡಲೇ ಹುಡುಗಿಯರು ತಲೆ ಹ್ಯಾಂಡಲ್ಲಿಗೆ ತಗ್ಗಿಸಿ, ಹಿಂದೆಮುಂದೆ ನೋಡದೆ ತುಳಿಯುತ್ತಾರೆ. ದೀಪಾ ಎಲ್ಲರಿಗಿಂತ ಮೊದಲು.

ಒಂದು ಸಂಗತಿ ಗಮನಿಸಿದೆ. ಮನೆಯಲ್ಲಿ ಅವಳು ಕನ್ನಡದವಳು. ಸೈಕಲ್ ಹತ್ತಿದರೆ ಮರಾಠಿಯವಳು. ಸುಸ್ತಾದಾಗ ಬೈದುಕೊಳ್ಳುವುದೂ ಮರಾಠಿಯಲ್ಲೇ.

ಸರ್ ನನ್ನನ್ನು ಕರೆದು ಹೇಳಿದರು: ಜೋರಾಗಿ ತುಳಿಯುವವಳಿಗೆ ರಸ್ತೆ ಕಾಣುವುದಿಲ್ಲ, ಹಿಂದಿನವನೇ ಅವಳ ಕಣ್ಣು; ಏನಾದರೂ ಅಡ್ಡ ಬಂದರೆ ಕೂಗಬೇಕು. ನಾನು ತಲೆಯಾಡಿಸಿದೆ. ಆಮೇಲೆ ದೀಪಾ ನನ್ನನ್ನು ಅಣಕಿಸಿದಳು: “ತಲಿ ಅಲ್ಲಾಡಿಸಿದ್ರ ಹಿಂದಿಂದ ನನಗ ಕಾಣಂಗಿಲ್ಲ ನೋಡು.”

ಡಿಸೆಂಬರ್ 12

ಕಬ್ಬಿನ ಹಂಗಾಮು ಜೋರಾಗಿದೆ. ಮಂಜೂ ಜೋರಾಗಿದೆ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು ರಾತ್ರಿಯೆಲ್ಲ ಓಡಿ, ಬೆಳಗಿನ ಜಾವ ಎಲ್ಲೆಂದರಲ್ಲಿ ರಸ್ತೆಯ ಎಡಕ್ಕೆ ನಿಂತುಬಿಡುತ್ತವೆ. ಹಿಂದೆ ಒಂದು ದೀಪವಿಲ್ಲ. ಹತ್ತಿರ ಹೋಗುವ ತನಕ ಅವೂ ಮಂಜೇ.

ಕೂಗುವುದನ್ನು ರೂಢಿಸಿಕೊಳ್ಳಬೇಕೆಂದು ಇವತ್ತು ದೀಪಾ ಸೇತುವೆಯ ಮೇಲೆ ನಿಲ್ಲಿಸಿದಳು. “ಎಡಕ್ಕ” ಅನ್ನು ಅಂದಳು. ಅಂದೆ. “ಬಲಕ್ಕ” ಅನ್ನು ಅಂದಳು. ಅಂದೆ.

“ಅಣ್ಣಾ, ಇದು ಕೂಗೂದಲ್ಲ. ಕವಿತಾ ಓದೂದು.”

ಇನ್ನೊಮ್ಮೆ ಅಂದೆ. ಹೊಳೆಯ ಆಚೆಗೆ ಒಂದು ನಾಯಿ ಬೊಗಳಿತು. ಅಷ್ಟಾದರೆ ಸಾಕು ಅಂದಳು.

ಡಿಸೆಂಬರ್ 16

ದೀಪಾ ಟ್ರಾಲಿಗೆ ಹೊಡೆದಳು.

ಬದುಕಿದ್ದಾಳೆ. ಎಡಗೈಯ ಎರಡು ಬೆರಳು ಮುರಿದಿವೆ, ಗದ್ದಕ್ಕೆ ಹೊಲಿಗೆ. ಹೆಚ್ಚು ಬರೆಯಲಾಗುವುದಿಲ್ಲ.

ಡಿಸೆಂಬರ್ 17

ಬರೆದರೆ ತಲೆಯಿಂದ ಹೋದೀತು.

ಸಂಕೇಶ್ವರ ರಸ್ತೆಯ ಇಳಿಜಾರಿನಲ್ಲಿ ಅವಳು ಪೂರ್ತಿ ವೇಗದಲ್ಲಿದ್ದಳು, ತಲೆ ಕೆಳಗೆ. ನನ್ನ ಹೆಡ್‌ಲೈಟ್ ಮಂಜಿಗೆ ಬಡಿದು ಬೆಳ್ಳಗೆ ವಾಪಸು ಬರುತ್ತಿತ್ತು. ಆ ಬಿಳುಪಿನಲ್ಲಿ ಎಡಕ್ಕೆ ಏನೋ ಕಪ್ಪಗೆ ಜೋತುಬಿದ್ದದ್ದು ಕಂಡಿತು. ಕಬ್ಬಿನ ಗರಿ. ನಾನು ಕೂಗಿದೆ. ನಿಜವಾಗಿ ಕೂಗಿದೆ. “ಬಲಕ್ಕ! ಬಲಕ್ಕ!”

ಅವಳು ಬಲಕ್ಕೆ ಸರಿಯಲಿಲ್ಲ. ತಲೆಯನ್ನು ಇನ್ನೂ ತಗ್ಗಿಸಿ ಇನ್ನೂ ಜೋರಾಗಿ ತುಳಿದಳು. ಕೊನೆಯ ಗಳಿಗೆಯಲ್ಲಿ ಕಬ್ಬಿನ ಗರಿ ಹೆಲ್ಮೆಟ್ಟಿಗೆ ತಾಗಿತೋ ಏನೋ, ಹ್ಯಾಂಡಲ್ ಹೊರಳಿಸಿದಳು. ಇಲ್ಲದಿದ್ದರೆ ನೇರ ಹೋಗುತ್ತಿದ್ದಳು.

ದವಾಖಾನೆಯಲ್ಲಿ ಅವಳೇ ಕೇಳಿದಳು. “ಟ್ರಾಲಿ ಇತ್ತಂದ್ರ ಬಳ ಬಳ ಅಂತ ಯಾಕ ಒದರಿದಿ?”

“ಬಲಕ್ಕ ಅಂದ್ನಿ.”

ಅವಳು ನಕ್ಕಳು, ಗದ್ದದ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. “ನನಗ ‘ಬಲ’ ಅಷ್ಟ ಕೇಳ್ಸಿತು. ಸರ್ ಹೇಳ್ದಂಗ ಅಣ್ಣಾನೂ ಕಲ್ತಾನಲ್ಲಾ ಅಂತ ಖುಷಿ ಆತು. ತುಳದ್ನಿ.”

ಗಾಳಿ ಕ್ಕ ಅನ್ನುವುದನ್ನು ಹಾರಿಸಿಕೊಂಡು ಹೋಗಿದೆ. ಉಳಿದದ್ದು ಲಕಾರವೋ ಳಕಾರವೋ ಹೆಲ್ಮೆಟ್ಟಿನ ಒಳಗೆ ಯಾರಿಗೆ ತಿಳಿಯಬೇಕು. ಸೈಕಲ್ ಮೇಲೆ ಅವಳ ಕಿವಿ ಮರಾಠಿಯದು ಎಂದು ನಾನೇ ಇಲ್ಲಿ ಬರೆದಿಟ್ಟಿದ್ದೆ. ನಾನು ಕೂಗಿದ್ದು ಕನ್ನಡದಲ್ಲಿ.

ಡಿಸೆಂಬರ್ 20

ದೀಪಾ ಅಪ್ಪನಿಗೆ ಅದನ್ನು ನಗೆಚಾಟಿಕೆಯಂತೆ ಹೇಳಿದಳು. ನನ್ನ ಮೇಲೆ ಸಿಟ್ಟಾಗಬಾರದೆಂದು ಇರಬೇಕು. ಅಪ್ಪ ನಗಲಿಲ್ಲ.

“ಎಂ.ಎ. ಕನ್ನಡ,” ಅಂದರು. “ಎಡ ಯಾವುದು ಬಲ ಯಾವುದು ಹೇಳಾಕ ಬರಲಿಲ್ಲ.”

ಬೈದರೆ ಚಲೋ ಇತ್ತು. ಅವರು ಮೆಲ್ಲಗೆ ಹೇಳಿದರು. ಆಮೇಲೆ ಆಳುಗಳನ್ನು ಕರೆದು, ಸೊಟ್ಟಗಾದ ಮುಂದಿನ ಗಾಲಿಯ ಸಮೇತ ಸೈಕಲ್ಲನ್ನು ಮೆಣಸಿನಕಾಯಿ ಗೋದಾಮಿನ ಅಟ್ಟಕ್ಕೆ ಹಾಕಿಸಿದರು. “ಸೈಕಲ್ ಆಟ ಮುಗೀತು.”

ದೀಪಾ ಜಗಳ ಆಡುತ್ತಾಳೆಂದು ಕಾದೆ. ಆಡಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಬಟಾಣಿ ಸುಲಿಯುತ್ತ ಕೂತಳು. ನಾನು ಅಪ್ಪನೆದುರು ನಿಂತೆ, ಬಾಯಿ ತೆರೆದೆ. “ಈ ಸಲ ಬ್ಯಾಡಗಿ ಮೆಣಸಿನಕಾಯಿಗೆ ರೇಟು ಹೆಂಗೈತ್ರಿ?” ಎಂದು ಕೇಳಿದೆ.

ಡಿಸೆಂಬರ್ 27

ಹೋಗುವ ಕೆಲಸವಿಲ್ಲದಿದ್ದರೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಹಾಸಿಗೆಯಲ್ಲಿದ್ದರೆ ಮಾಳಿಗೆಯ ಮೆಟ್ಟಿಲ ಮೇಲೆ ದೀಪಾ ಹತ್ತಿ ಇಳಿಯುವ ಸದ್ದು ಕೇಳುತ್ತದೆ. ಹತ್ತುತ್ತಾಳೆ, ಇಳಿಯುತ್ತಾಳೆ, ಹತ್ತುತ್ತಾಳೆ. ಅಪ್ಪನಿಗೂ ಕೇಳುತ್ತಿರಬೇಕು. ಆ ಸದ್ದು ತಡೆಯಲಾರದೆ ನಾನು ಹೊರಗೆ ಹೋಗುತ್ತೇನೆ, ನಡೆದುಕೊಂಡು. ಕೈ ಬೀಸಿ ನಡೆದರೆ ಸ್ಕೂಟಿಗಿಂತ ಥಂಡಿ ಕಡಿಮೆ.

ಚಹಾದ ಗಾಡಿಯ ಹತ್ತಿರ ದಿನಾ ಒಂದು ಕಬ್ಬಿನ ಟ್ರಾಲಿ ನಿಂತಿರುತ್ತದೆ. ಡ್ರೈವರನ ಹೆಸರು ಗುಂಡು. ಮೊನ್ನೆ ಅವನಿಗೆ, ಹಿಂದೆ ರೇಡಿಯಂ ಪಟ್ಟಿ ಅಂಟಿಸಬಾರದೇನ್ರಿ, ಕತ್ತಲಲ್ಲಿ ಹೊಳೆದರೆ ಕಾಣುತ್ತದೆ ಅಂದೆ.

“ನೀವ್ಯಾರ್ರಿ, ಆರ್‌ಟಿಓ?”

“ಅಲ್ರಿ. ನಮ್ಮ ತಂಗಿ ಇಂಥಾದಕ್ಕ ಹೊಡ್ದಾಳ.”

“ನಂದಕ್ಕಲ್ಲಲ್ಲಾ?”

“ನಿಮ್ಮದಕ್ಕಲ್ಲ.”

“ಮತ್ತ ನನಗ್ಯಾಕ ಹೇಳ್ತೀರಿ? ಚಹಾ ಕುಡೀರಿ, ನಡಗಾಕತ್ತೀರಿ.”

ನಿನ್ನೆ ನಂಬರ್‌ಪ್ಲೇಟಿನ ಅಂಗಡಿಯಿಂದ ಕೆಂಪು ರೇಡಿಯಂ ತಂದು ನಾನೇ ಅಂಟಿಸಿದೆ. ಗುಂಡು ಬೇಡವೆನ್ನಲಿಲ್ಲ, ಕೊನೆಗೆ ಬ್ಯಾಟರಿ ಹಿಡಿದು ನಿಂತ. ಇನ್ನೂ ಮೂರ್ನಾಲ್ಕು ಮಂದಿಯನ್ನು ನಿಲ್ಲಿಸಿ ಕೇಳಿದೆ. ಒಬ್ಬ ಬೈದ. ಇವತ್ತು ನೋಡಿದರೆ ಗುಂಡುವಿನ ಟ್ರಾಲಿಯಲ್ಲಿ ಕಬ್ಬು ಹೆಚ್ಚು ಹೇರಿ, ಗರಿ ಜೋತುಬಿದ್ದು ಪಟ್ಟಿ ಪೂರ್ತಿ ಮುಚ್ಚಿಹೋಗಿದೆ. ಸುಮ್ಮನೆ ಮನೆಗೆ ಬಂದೆ.

ಜನವರಿ 3

ಕೃಷ್ಣಾತ ಸರ್ ಕೊಲ್ಹಾಪುರದಿಂದ ಬಂದಿದ್ದರು. ಹೊಸ ಗಾಲಿಯೊಂದನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಬಂದಿದ್ದರು, ಆದರೆ ಒಳಗೆ ತರಲಿಲ್ಲ, ಹೊರಗೇ ಬಿಟ್ಟು ಬಂದರು. ಅಪ್ಪ ಅವರಿಗೆ ಗಾದಿಯ ಮೇಲೆ ಕೂಡಲು ಹೇಳಿ, ಅವ್ವನಿಂದ ಶಿರಾ ಮಾಡಿಸಿ, ಮರಾಠಿಯಲ್ಲಿ ಭಾಳ ಮರ್ಯಾದೆಯಿಂದ ಆಗುವುದಿಲ್ಲ ಅಂದರು. ಇಂಥ ಹುಡುಗಿ ಹತ್ತು ವರ್ಷಕ್ಕೊಬ್ಬಳು ಸಿಗುತ್ತಾಳೆ ಎಂದು ಸರ್ ಹೇಳಿದರು. ಅಂಥ ಹುಡುಗಿ ನನಗೂ ಒಬ್ಬಳೇ ಇರೋದು ಅಂದರು ಅಪ್ಪ.

ಇಬ್ಬರದೂ ಸರಿ. ನಾನು ಬಾಗಿಲ ಹತ್ತಿರ ನಿಂತು ಚಹಾದ ಬಸಿಗಳನ್ನು ಎಣಿಸುತ್ತಿದ್ದೆ.

ಹೋಗುವಾಗ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಗಾಲಿಯನ್ನು ಕಟ್ಟೆಯ ಮೇಲೆ ಬಿಟ್ಟು ಹೋದರು. ದೀಪಾ ಅದನ್ನು ಒಂದು ಬೆರಳಿನಿಂದ ತಿರುಗಿಸಿ, ನಿಲ್ಲುವ ತನಕ ನೋಡಿ, ಒಳಗೆ ಹೋದಳು. ಭಾಳ ಹೊತ್ತು ತಿರುಗಿತು.

ಜನವರಿ 8

ಇವತ್ತು ಆದದ್ದರಲ್ಲಿ ನನ್ನದೇನೂ ಇಲ್ಲ ಎಂದು ಮೊದಲೇ ಬರೆದಿಡುತ್ತೇನೆ.

ದೀಪಾಳ ಕೈಯ ಪಟ್ಟಿ ಬಿಚ್ಚಿದ್ದಾರೆ. ಬೆರಳು ಬಿಗಿಯಾಗಿವೆ, ಬ್ರೇಕ್ ಹಿಡಿಯಲು ಬರುತ್ತದೆ. ಅಪ್ಪನಿಗೆ ಹೇಳಬೇಕೆಂದು ಬೆಳಿಗ್ಗೆಯಿಂದ ಒಂದು ವಾಕ್ಯ ಕಟ್ಟಿಕೊಂಡಿದ್ದೆ. ಊಟದ ಡಬ್ಬಿ ಒಯ್ಯುವ ನೆಪದಲ್ಲಿ ಮಾರ್ಕೆಟ್ ಯಾರ್ಡಿಗೆ ಹೋದೆ. ಮೆಣಸಿನಕಾಯಿಯ ಲಿಲಾವು ನಡೆದಿತ್ತು. ಕೆಂಪು ರಾಶಿಗಳ ನಡುವೆ ವ್ಯಾಪಾರಿಗಳು ಮೂಗಿಗೆ ಟವೆಲ್ ಕಟ್ಟಿಕೊಂಡು ರೇಟು ಕೂಗುತ್ತಿದ್ದರು, ಕೆಮ್ಮುತ್ತಿದ್ದರು, ಮತ್ತೆ ಕೂಗುತ್ತಿದ್ದರು. ನಾನು ಅಪ್ಪನ ಹತ್ತಿರ ನಿಂತು ವಾಕ್ಯ ಹೇಳಿದೆ.

“ಏನ?” ಅಂದರು ಅಪ್ಪ.

ಮತ್ತೆ ಹೇಳಿದೆ.

“ಕೇಳ್ಸವಲ್ದೋ! ಜೋರ ಹೇಳು!”

ಕಟ್ಟಿದ ವಾಕ್ಯ ಮರೆತುಹೋಯಿತು. “ದೀಪಾನ್ನ ರೇಸಿಗೆ ಕಳಸ್ರಿ!” ಎಂದೆ. ಅದೇ ಗಳಿಗೆಗೆ ಒಂದು ರಾಶಿಯ ಸೌದಾ ಮುಗಿದು ಯಾರ್ಡೆಲ್ಲ ಒಮ್ಮೆಲೇ ಸುಮ್ಮನಾಗಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು.

ಹಿರಿಯ ವ್ಯಾಪಾರಿ ಬಸಗೊಂಡ ಕಾಕಾ ಟವೆಲ್ ಕೆಳಗೆ ಸರಿಸಿದರು. “ಭೀಮಗೊಂಡಾ, ಹುಡುಗ ಸವಾಲ ಕೂಗ್ಯಾನ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಮುಂದಿನ ರಾಶಿ ಕಾಯಾಕತ್ತೇತಿ.”

“ಏ, ಸುಮ್ನಿರಪಾ,” ಅಂದರು ಅಪ್ಪ.

“ಸುಮ್ನಿರು ಅನ್ನೂ ರೇಟು ಇಲ್ಲೋ ಇಲ್ಲಿ! ಹೂಂ? ಊಹೂಂ?”

ಜನ ನಕ್ಕರು. ಯಾರೋ ಸೀನಿದರು. ಅಪ್ಪನ ಮುಖ ರಾಶಿಯ ಬಣ್ಣಕ್ಕೆ ಬಂದಿತ್ತು. ಹೇಗಾದರೂ ಮುಗಿದರೆ ಸಾಕೆಂಬಂತೆ, “ಹೂಂ, ಹೋಗ್ಲಿ ಮಾರಾಯಾ, ಹೋಗ್ಲಿ!” ಅಂದರು.

“ಸೌದಾ ಪಕ್ಕಾ!” ಎಂದು ಕಾಕಾ ಕೈ ಬಡಿದರು.

ಲಿಲಾವಿನಲ್ಲಿ ಬಾಯಿಂದ ಬಂದ ಹೂಂ ಅನ್ನು ಇಲ್ಲಿ ಯಾರೂ ತಿರುಗಿ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡವನ ರಾಶಿಯ ಮುಂದೆ ಮರುದಿನ ಒಬ್ಬನೂ ನಿಲ್ಲುವುದಿಲ್ಲ. ಅಪ್ಪ ಮನೆಗೆ ಬಂದು ಉಣ್ಣಲಿಲ್ಲ, ನನ್ನ ಜೊತೆ ಮಾತಾಡಲಿಲ್ಲ. ಆದರೆ ಕೈಕಾಲು ತೊಳೆದು ಗೋದಾಮಿನ ಕೀಲಿಯನ್ನು ಕಟ್ಟೆಯ ಮೇಲೆ ಇಟ್ಟರು.

ಗದ್ದಲ ಸರಿಯಾದ ಹೊತ್ತಿಗೆ ನಿಂತಿತು, ಅಷ್ಟೇ.

ಜನವರಿ 13

ಮತ್ತೆ ರಸ್ತೆಗೆ ಬಂದಿದ್ದೇವೆ. ಥಂಡಿಯ ಅಲೆ ಎಂದು ಪೇಪರಿನಲ್ಲಿ ಬಂದಿದೆ. ಆ ಪೇಪರೂ ನನ್ನ ಎದೆಯ ಮೇಲಿದೆ. ಸೇತುವೆಯ ಕಂಬಿ ಮುಟ್ಟಿದರೆ ಕೈ ಸುಟ್ಟಂತಾಗುತ್ತದೆ. ದೀಪಾಳ ಮುರಿದ ಬೆರಳುಗಳು ನೀಲಿಯಾಗುತ್ತವೆ, ಅವುಗಳನ್ನು ಬಾಯಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ತುಳಿಯುತ್ತಾಳೆ.

ಮೆಟ್ಟಿಲು ಹತ್ತಿದ ಕಾಲುಗಳು, ವೇಗ ಹೋಗಿಲ್ಲ. ಆದರೆ ಬೇರೊಂದು ಕಂಡಿದೆ. ಅವಳು ರಸ್ತೆಯ ಎಡಕ್ಕೆ ಬರುವುದೇ ಇಲ್ಲ. ನಡುವಿನ ಬಿಳಿ ಗೆರೆ ಹಿಡಿದು ಹೋಗುತ್ತಾಳೆ. ಇಳಿಜಾರಿನಲ್ಲಿ ಗೆರೆಯನ್ನೂ ದಾಟಿ ಬಲಕ್ಕೆ ಜಾರುತ್ತಾಳೆ. ಎದುರಿಗೆ ಲಾರಿ ಬಂದರೆ ಮಾತ್ರ ಈಚೆಗೆ ಬರುತ್ತಾಳೆ. ಎಡಕ್ಕೆ ಏನೂ ಇರುವುದಿಲ್ಲ, ಖಾಲಿ ರಸ್ತೆ.

ನಾನು “ಡಾವೀಕಡೆ! ಡಾವೀಕಡೆ!” ಎಂದು ಕೂಗುತ್ತೇನೆ. ಎಡಕ್ಕೆ ಅನ್ನುವುದನ್ನು ಈಗ ಮರಾಠಿಯಲ್ಲೇ ಕೂಗುವುದು. ಅವಳಿಗೆ ಕೇಳುತ್ತದೆ. ಒಂದು ಗಳಿಗೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ.

“ಗೊತ್ತೈತಣ್ಣಾ,” ಅಂದಳು ಚಹಾದ ಗಾಡಿಯ ಹತ್ತಿರ. “ಗೊತ್ತೈತಿ. ಮತ್ತ ಮತ್ತ ಹೇಳಬ್ಯಾಡ.”

ಗುಂಡು ನನ್ನನ್ನು ನೋಡಿ ಹಾರ್ನ್ ಹೊಡೆದ. ಕಬ್ಬಿನ ಗರಿಯನ್ನು ಹಗ್ಗದಿಂದ ಮೇಲೆ ಎಳೆದು ಕಟ್ಟಿದ್ದ. ಅವನೊಬ್ಬನೇ. ಉಳಿದವರದು ಹಾಗೇ ಇದೆ.

ಜನವರಿ 24, ಕಬನೂರ

ನಾಳೆ ಬೇಗ ಕೊಲ್ಹಾಪುರ ಮುಟ್ಟಬೇಕೆಂದು ಇಚಲಕರಂಜಿಯ ಪಕ್ಕದಲ್ಲಿ ಸೋದರಮಾವನ ಮನೆಗೆ ಬಂದಿದ್ದೇವೆ. ಗೋಡೆಯ ಆಚೆಗೆ ಪವರ್‌ಲೂಮ್‌ಗಳ ಸದ್ದು. ಮಾವ ಮಾತಾಡುವುದೇ ಜೋರು, ಮಗ್ಗದವರೆಲ್ಲ ಹಾಗೆ. “ಹೆಂಗಪಾ ಎಂ.ಎ.? ಈ ಸಲ ಎಡ-ಬಲ ನೆಟ್ಟಗ ಕಲ್ತಿಯಿಲ್ಲೋ?” ಎಂದು ಓಣಿಗೆಲ್ಲ ಕೇಳುವಂತೆ ಕೇಳಿದರು. ಸುದ್ದಿ ಇಲ್ಲಿಗೂ ಬಂದಿದೆ.

ದೀಪಾ ಸೈಕಲ್ಲಿನ ಚೈನು ಒರೆಸುತ್ತಿದ್ದಾಳೆ. ಅಪ್ಪ ಫೋನ್ ಮಾಡಿ, ಸ್ವೆಟರ್ ಒಯ್ದಾಳೇನು ಎಂದಷ್ಟೇ ಕೇಳಿದರು.

ಜನವರಿ 25, ಕೊಲ್ಹಾಪುರ

ಪನ್ಹಾಳದ ರಸ್ತೆಯಲ್ಲಿ ರೇಸ್. ಎಡಗಡೆಯ ಅರ್ಧ ರಸ್ತೆ ಸೈಕಲ್ಲುಗಳಿಗೆ, ಬಲಗಡೆಯ ಅರ್ಧ ಉಳಿದ ಗಾಡಿಗಳಿಗೆ. ಬಿಳಿ ಗೆರೆ ದಾಟಿದವರು ರೇಸಿನಿಂದ ಹೊರಗೆ ಎಂದು ಮೈಕಿನಲ್ಲಿ ಮೊದಲೇ ಹೇಳಿದರು. ನಾನು ದೀಪಾಳ ಮುಖ ನೋಡಿದೆ. ಅವಳು ಕೈಗವಸು ಸರಿಮಾಡಿಕೊಳ್ಳುತ್ತಿದ್ದಳು.

ರೇಸಿನಲ್ಲಿ ಮನೆಯವರು ಯಾರೂ ಹಿಂದೆ ಹೋಗುವಂತಿಲ್ಲ. ಅವಳು ನನ್ನ ಬೆಳಕಿಲ್ಲದೆ ಮಂಜಿನೊಳಗೆ ಹೋದಳು. ನಾನು ಗೆಲುವಿನ ಗೆರೆಯ ಹತ್ತಿರ ಅವಳ ಶಾಲು ಹಿಡಿದು ನಿಂತೆ. ಗುಡ್ಡದ ಮೇಲಿಂದ ಬೀಸುವ ಗಾಳಿ ಶಾಲನ್ನೂ ನನ್ನನ್ನೂ ಕಿತ್ತುಕೊಂಡು ಹೋಗುವಂತಿತ್ತು. ಕಣ್ಣಿಗೆ ಕಾಣದ್ದನ್ನು ಕೂಗಿ ಹೇಳಲಾಗುವುದಿಲ್ಲ.

ಮೂರನೆಯವಳಾಗಿ ಬಂದಳು. ಕೃಷ್ಣಾತ ಸರ್ ನನ್ನನ್ನು ಎತ್ತಿಯೇಬಿಟ್ಟರು. ನಾನು ಶಾಲು ಹೊದಿಸಿದೆ. ಅವಳು ಮಾತ್ರ ನಗಲಿಲ್ಲ, ನೆಲ ನೋಡುತ್ತ ಉಸಿರು ಬಿಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಮೋಟರ್‌ಸೈಕಲ್ಲಿನ ತೀರ್ಪುಗಾರರು ಬಂದು ಮೇಜಿನ ಹಿಂದೆ ಕೂತ ಅಧಿಕಾರಿಗಳ ಕಿವಿಯಲ್ಲಿ ಹೇಳಿದರು. ಇಳಿಜಾರಿನ ತಿರುವಿನಲ್ಲಿ ಗೆರೆ ದಾಟಿದ್ದಾಳೆ, ಒಮ್ಮೆಯಲ್ಲ. ಮೈಕಿನಲ್ಲಿ ಅವಳ ಹೆಸರು ಬಂತು, ಹೊರಗೆ ಎಂದು ಬಂತು. ಐದನೆಯವಳಾಗಿ ಬಂದ ಹುಡುಗಿ ಅಲ್ಲೇ ಕೂತು ಅಳತೊಡಗಿದಳು, ಖುಷಿಗೆ.

ಸರ್ ತಲೆ ತಗ್ಗಿಸಿದರು. “ನಿಯಮ ಆಹೇ,” ಅಂದರು.

ನಾನು ಮೇಜಿನ ಹತ್ತಿರ ಹೋದೆ. ಅಲ್ಲಿ ಮಾತಾಯಿತು. ಮಂಜಿನ ಬಗ್ಗೆ ಹೇಳಿದೆ, ಟ್ರಾಲಿಯ ಬಗ್ಗೆ ಹೇಳಿದೆ, ಅವಳ ಕೈ ಹಿಡಿದೆತ್ತಿ ಬೆರಳು ತೋರಿಸಿದೆ. ಮರಾಠಿಯ ಕ್ರಿಯಾಪದಗಳೆಲ್ಲ ತಪ್ಪಿದವು. ಕೋಚ್ ಏನು ನೀವು ಎಂದು ಕೇಳಿದರು. “ನಾಹಿ, ಭಾವು,” ಅಂದೆ, ಅಣ್ಣ ಎಂದು. ಆಮೇಲೂ ಏನೇನೋ ಅಂದೆ. ಮುಖ್ಯಸ್ಥರು ಎದ್ದು ನಿಂತು “ಆವಾಜ್ ಖಾಲಿ! ಆವಾಜ್ ಖಾಲಿ!” ಎಂದು ಬೆರಳು ಮಾಡಿದರು. ಯಾರಿಗೆ ದನಿ ತಗ್ಗಿಸಲು ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ.

ತೀರ್ಪು ಬದಲಾಗಲಿಲ್ಲ. ಅವರದೂ ತಪ್ಪಲ್ಲ. ಗೆರೆ ದಾಟಿದ್ದು ನಿಜ.

ದೀಪಾ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. “ಬಿಡಣ್ಣಾ. ಎಡಕ್ಕ ಬಾ, ಎಡಕ್ಕ ಬಾ ಅಂತ ತಲಿ ಹೇಳಾಕತ್ತಿತ್ತು. ಹ್ಯಾಂಡಲ್ ಕೇಳಲಿಲ್ಲ.” ಆಮೇಲೆ ಗಾಡಿಗೆ ಸೈಕಲ್ ಹೇರುವಾಗ ಅತ್ತಳು. ಹಗ್ಗ ಕಟ್ಟುತ್ತ ಅತ್ತಳು, ಗಂಟು ಸರಿಯಾಗಿಯೇ ಹಾಕಿದಳು. ನಾನು ಹಗ್ಗದ ಇನ್ನೊಂದು ತುದಿ ಹಿಡಿದಿದ್ದೆ.

ಜನವರಿ 26, ಗಡಹಿಂಗ್ಲಜ

ನಿನ್ನೆ ರಾತ್ರಿ ಬಂದಾಗ ಅಪ್ಪ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. ಎಲ್ಲ ಕೇಳಿದರು. ಸೈಕಲ್ ಎಲ್ಲಿಡಬೇಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದು ಪಡಸಾಲೆಯ ಗೋಡೆಗೆ ಒರಗಿಕೊಂಡಿದೆ.

“ಅಲ್ಲೇ ಇದ್ಯಲ್ಲಾ ನೀ,” ಅಂದರು ನನಗೆ. “ಏನ ಮಾಡಿದಿ?”

“ಏನೂ ಮಾಡಾಕ ಆಗಲಿಲ್ರಿ.”

“ಸುಳ್ಳ ಹೇಳ್ತಾನ್ರಿ ಅಪ್ಪಾ,” ಎಂದಳು ದೀಪಾ ಒಳಗಿನಿಂದ. “ನಾಕ ಮಂದಿ ಹಿಡದ್ರೂ ಬಾಯಿ ಮುಚ್ಚಲಿಲ್ಲ. ಪನ್ಹಾಳಗಡದ ಮ್ಯಾಲ ಕೇಳ್ಸಿರಬೇಕ. ಆ ಸಾಹೇಬ್ರು ನೀರ ಕುಡುದ್ರು.”

“ಯಾರು, ಇಂವಾ?” ಅಂದರು ಅಪ್ಪ.

ಭಾಳ ಹೊತ್ತು ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ದೀಪಾ ಹೆಚ್ಚು ಮಾಡಿ ಹೇಳುತ್ತಾಳೆ, ಮೊದಲಿನಿಂದಲೂ ಹಾಗೇ. ಆದದ್ದಿಷ್ಟು: ನಾನು ಹೋದೆ, ಹೇಳಿದೆ, ಏನೂ ಆಗಲಿಲ್ಲ. ಅವಳ ಜಾಗ ಹೋಯಿತು.

ಇವತ್ತು ಬೆಳಿಗ್ಗೆಯಿಂದ ಗಂಟಲು ಕೂತಿದೆ, ದನಿಯೇ ಹೊರಡುತ್ತಿಲ್ಲ. ಅವ್ವ ಅರಿಸಿನ ಹಾಕಿ ಹಾಲು ಕೊಟ್ಟಳು. ಥಂಡಿ ಹತ್ತಿರಬೇಕು.